ಯಾರ ಕೈಯ ಹೊಲಿಗೆ?

1991ರಲ್ಲಿ, ಎಂಟನೇ ತರಗತಿಯ ನಡುವೆ ನಾನು ಶಾಲೆ ಬಿಟ್ಟೆ. ಅಂದಿನಿಂದ ಹೊಲಿಗೆ ಮಷಿನ್ ಬಿಟ್ಟಿಲ್ಲ. ಕುರುಬರಹಳ್ಳಿಯಲ್ಲಿ ನನ್ನದೇ ಅಂಗಡಿಯಿದೆ. ಸ್ಕೂಟರ್ ಸೀಟ್ ಕವರ್, ಸ್ಕೂಲ್ ಬ್ಯಾಗ್ ಹೊಲಿಯುತ್ತೇವೆ. ನನ್ನ ಹೊಲಿಗೆ ಬಿಟ್ಟುಹೋಯಿತೆಂದು ವಾಪಸ್ ಬಂದವರು ಬಹಳ ಕಡಿಮೆ. ಹೇಳಿಕೊಳ್ಳಲು ಸಂಕೋಚವಿಲ್ಲ.

ಮೂರು ವರ್ಷದ ಹಿಂದೆ ವಸಂತಾ ಮೇಡಂ ಅಂಗಡಿಗೆ ಬಂದರು. ಬಸವೇಶ್ವರನಗರದಲ್ಲಿ, ಬುದ್ಧಿ ಬೆಳವಣಿಗೆ ನಿಧಾನವಿರುವ ಯುವಕ ಯುವತಿಯರಿಗೆ ಕಸುಬು ಕಲಿಸುವ ಕೇಂದ್ರ ನಡೆಸುತ್ತಿದ್ದರು. ವಾರಕ್ಕೆರಡು ಮಧ್ಯಾಹ್ನ ಬಟ್ಟೆ ಬ್ಯಾಗ್ ಹೊಲಿಯುವುದನ್ನು ಹೇಳಿಕೊಡಿ ಎಂದರು. ಒಪ್ಪಿದೆ; ನಂಬಲಿಲ್ಲ. ಆ ಬಾಡಿಗೆ ಮನೆಯ ಹಾಲ್‌ನಲ್ಲಿ ಮಷಿನ್‌ಗಳಿಗಿಂತ ಗೋಡೆಯ ಮೇಲಿನ ಫೋಟೋಗಳೇ ಹೆಚ್ಚಿದ್ದವು. ಇದು ಕಲಿಸುವ ಜಾಗವೋ, ತೋರಿಸುವ ಜಾಗವೋ ಎಂಬ ಅನುಮಾನ ಮೊದಲ ದಿನವೇ ಬಂತು.

ಕಲಿಯುವವರಲ್ಲಿ ಸುಮಾ ಚುರುಕು. ಇಪ್ಪತ್ತೆರಡು ವರ್ಷ, ಡೌನ್ ಸಿಂಡ್ರೋಮ್, ಮಾತು ಕಡಿಮೆ, ಎಡಗೈ ರೂಢಿ. ತಾಯಿ ಸರೋಜಮ್ಮ ಸ್ಕೂಟಿಯಲ್ಲಿ ಬಿಟ್ಟು ಹೋಗಿ, ಸಂಜೆ ಕರೆದೊಯ್ಯುತ್ತಿದ್ದರು. ಇಳಿಬಿದ್ದ ನೂಲು ಕತ್ತರಿಸಲು ಅವಳ ಬ್ಯಾಗ್‌ಗಳೂ ಮನೆಗೆ ಹೋಗಿ ಬರುತ್ತಿದ್ದವು.

ಬ್ಯಾಗಿಗೆ ಹಿಡಿ ಕೂಡಿಸುವಲ್ಲಿ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೀಟು ಹಾಕುತ್ತೇವೆ. ಅದಕ್ಕೆ ಬಾಕ್ಸ್ ಹೊಲಿಗೆ ಅನ್ನುವುದು; ಭಾರ ಬೀಳುವುದೆಲ್ಲ ಅಲ್ಲೇ. ಸುಮಾಳ ಚೌಕ ತುಸು ವಾಲುತ್ತಿತ್ತು, ಯಾವಾಗಲೂ ಕೆಳಗಿನ ಎಡ ಮೂಲೆಯಿಂದ ಶುರುವಾಗುತ್ತಿತ್ತು.

ಆಗ ನನ್ನ ಅಂಗಡಿಗೆ ಒಬ್ಬರು ಬೇಕಿತ್ತು. ‘ಸುಮಾನ ಸಂಬಳಕ್ಕೆ ತಗೋತೀರಾ?’ ಎಂದು ಮೇಡಂ ಕೇಳಿದರು. ಆರ್‌ಪಿಸಿ ಲೇಔಟ್‌ನ ಸೀರೆ ಅಂಗಡಿಯೊಂದರಿಂದ ಕೇಂದ್ರಕ್ಕೆ ಬ್ಯಾಗಿನ ಆರ್ಡರ್ ಬಂದಿತ್ತು. ಅದರಲ್ಲಿ ಅವಳ ಕೆಲಸ ನೋಡಿ ಹೇಳುತ್ತೇನೆ ಎಂದೆ.

ಮುಂದಿನ ವಾರ ಸುಮಾಳ ಬ್ಯಾಗಿನ ಕಟ್ಟು ಬಿಚ್ಚಿದೆ. ಚೌಕಗಳೆಲ್ಲ ಗೆರೆ ಎಳೆದಂತೆ ನೆಟ್ಟಗಿದ್ದವು, ಶುರುವಾಗಿದ್ದು ಬಲ ಮೂಲೆಯಿಂದ. ಹಳೆಯ ಸೂಜಿ ತೂತುಗಳೂ ಕಂಡವು. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ಸುಮಾ ಮಾತ್ರ ಮಷಿನ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಎರಡು ಕ್ಲಾಸಿನಿಂದ ಹೀಗೇ ಮಂಕಾಗಿದ್ದಳು.

ನೇರ ಮೇಡಂ ಹತ್ತಿರ ಹೋದೆ. “ಫೋಟೋದಲ್ಲಿ ಇವ್ರು, ಹೊಲಿಯೋದು ಬೇರೆಯವ್ರು. ಹಂಗೇನಾ ಮೇಡಂ?”

ಅವರಿಗೆ ರೇಗಿತು. “ನಂಗೆ ಡೌಟಿರೋದು ನಿಮ್ಮೇಲೆ! ಒಳ್ಳೆ ಮೇಷ್ಟ್ರು ಅನ್ನಿಸ್ಕೊಳಕ್ಕೆ ನೀವೇ ಕೂತು ಸರಿಮಾಡ್ತಾ ಇದೀರ ಅಂದ್ಕೊಂಡಿದ್ದೆ.”

“ನಾನಾ? ನಾನು ಬಿಚ್ಚಿ ಹೊಲಿದ್ರೆ ಹಿಂಗೆ ಹಳೇ ತೂತು ಕಾಣಲ್ಲ ಮೇಡಂ!”

ಸುಮಾ ಬಂದು ನಿಂತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಬ್ಯಾಗನ್ನು ನನ್ನ ಕಡೆ ತಳ್ಳಿದಳು. “ಇದು ನಂದಲ್ಲ ಸಾರ್. ಅಮ್ಮಂದು. ಬಿಚ್ತಾರೆ. ಮನೆ ಮಷಿನಲ್ಲಿ ಮತ್ತೆ ಹೊಲೀತಾರೆ. ನಾನು ಟಿವಿ ನೋಡ್ಬೇಕಂತೆ.”

ನಾವಿಬ್ಬರೂ ಅವಳನ್ನು ಒಂದು ಮಾತು ಕೇಳಿರಲೇ ಇಲ್ಲ.

ಸಂಜೆ ಸರೋಜಮ್ಮ ಒಪ್ಪಿಕೊಂಡರು. “ಸೊಟ್ಟಗಿದ್ರೆ ಜನ ನಗಲ್ವಾ ಸಾರ್? ಕೆಲ್ಸ ತಪ್ಪೋಗಲ್ವಾ?”

“ಹಂಗಾದ್ರೆ ನಿಮ್ಮನ್ನೇ ಕೆಲ್ಸಕ್ಕೆ ತಗೊಳ್ಲಾಮ್ಮ?” ಎಂದೆ. ಅಂದಿನಿಂದ ಬ್ಯಾಗ್ ಮನೆಗೆ ಹೋಗುವುದು ನಿಂತಿತು. ಸುಮಾ ಉಳಿದ ಆರ್ಡರ್ ತಾನೇ ಮುಗಿಸಿದಳು, ಚೌಕ ವಾಲಿದ್ದರೂ ಹಾಗೇ ಕಳಿಸಿದೆವು.

ಕೆಲವೇ ದಿನಕ್ಕೆ ಸೀರೆ ಅಂಗಡಿಯ ಗಿರೀಶ್ ಒಂದು ಬ್ಯಾಗ್ ಹಿಡಿದು ಕೇಂದ್ರಕ್ಕೆ ಬಂದರು. “ಏನ್ ಸಾರ್ ಇದು? ಕಸ್ಟಮರ್ ಕೈಲೇ ಹಿಡಿ ಕಿತ್ಬಂತು!” ಮಗಳನ್ನು ಕರೆದೊಯ್ಯಲು ಬಂದಿದ್ದ ಸರೋಜಮ್ಮ ಕೈಮುಗಿಯಲು ಎದ್ದರು. ನಾನು ಕೂರಿಸಿದೆ. ಬ್ಯಾಗಿನ ಚೌಕ ವಾಲಿತ್ತು, ಎಡ ಮೂಲೆಯಿಂದ ಶುರುವಾಗಿತ್ತು.

“ಇವ್ಳು ಹೊಲಿದಿದ್ದು. ಇವ್ಳಿಗೇ ಹೇಳಿ.”

ಗಿರೀಶ್ ಸುಮಾಳ ಮುಖ ನೋಡಿದರು, ದನಿ ಇಳಿಸಿದರು. “ಅಯ್ಯೋ, ಪಾಪ. ಪರ್ವಾಗಿಲ್ಲ ಬಿಡಿ.”

“ಪಾಪ ಅಲ್ಲ,” ಅಂದಳು ಸುಮಾ. “ಎಲ್ಲಿ ಕಿತ್ತಿದೆ ತೋರ್ಸಿ.”

ಅಡ್ಡಗೀಟು ಮೂಲೆ ಮುಟ್ಟಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ, ಅಷ್ಟೇ. ಅವಳು ಬಿಚ್ಚಿದಳು, ಹೊಲಿದಳು, ಬ್ಯಾಗನ್ನು ಗಿರೀಶ್ ಎದುರು ಹಿಡಿದಳು. “ಎಳೀರಿ.”

ಅವರು ಮೆಲ್ಲಗೆ ಎಳೆದರು. “ಜೋರಾಗಿ ಎಳೀರಿ ಅಂಕಲ್, ಊಟ ಮಾಡಿಲ್ವಾ?” ಗಿರೀಶ್ ನಗುತ್ತಲೇ ಎರಡೂ ಕೈಯಲ್ಲಿ ಜಗ್ಗಿದರು. ಹಿಡಿ ಕಿತ್ತು ಬರಲಿಲ್ಲ. ತಾಯಿ ಇರುವಾಗ ಸುಮಾ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸೋಮವಾರದಿಂದ ಅಂಗಡಿಗೆ ಬಾ ಎಂದೆ.

ನನ್ನ ಅನುಮಾನದ ಬುದ್ಧಿ ಹೋಗಿಲ್ಲ. ಈಗಲೂ ಎಲ್ಲರ ಬ್ಯಾಗನ್ನೂ, ಸುಮಾಳದ್ದನ್ನೂ, ಜಗ್ಗಿ ನೋಡಿಯೇ ಕಳಿಸುತ್ತೇನೆ. ಕೆಲಸ ಯಾರದೋ, ದೂರೂ ಅವರಿಗೇ ತಲುಪಬೇಕು. ನಡುವೆ ನಿಂತು ತಡೆದರೆ ಕೆಲಸವನ್ನೇ ಅವರಿಂದ ಕಸಿದುಕೊಂಡಂತೆ. ಈ ಕಸುಬಿನಲ್ಲಿ ನಾನು ತಡವಾಗಿ ಕಲಿತದ್ದು ಇದು.

ಇವತ್ತು ಅಂಗಡಿಯಲ್ಲಿ ಐದು ಮಷಿನ್‌ಗಳಿವೆ. ನಾಲ್ವರು ಕೆಲಸಗಾರರು, ಅವರಲ್ಲಿ ಇಬ್ಬರು ಆ ಕೇಂದ್ರದವರು. ಐದನೇ ಮಷಿನ್ ನನ್ನದು.