ಬಂಡೆಯ ಮೇಲಿನ ಒರಳುಗಳು

ಮರುಭೂಮಿಗೆ ಹೋಗೋಣವೆಂದು ಮೊದಲು ಹೇಳಿದ್ದು ನಾನೋ ಅವಳೋ, ಈಗ ಖಚಿತವಾಗಿ ಹೇಳಲಾರೆ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ವಸಂತ ಅದು. ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿದ್ದ ಹಾಸನದ ಗೆಳತಿಯ ಕೆಲಸ ಹೋಗಿತ್ತು. ಕೆಲಸದ ಜೊತೆಗೆ ವೀಸಾ ಕೂಡ. ಮುಂದಿನ ವಾರ ಅವಳು ಊರಿಗೆ ಹೊರಡುವವಳಿದ್ದಳು. ಹೋಗಬೇಡ ಎಂದು ಹೇಗೆ ಕೇಳುವುದೆಂದು ಯೋಚಿಸುತ್ತಲೇ ಫ್ರೀವೇಯ ಉದ್ದಕ್ಕೂ ಕಾರು ಓಡಿಸಿದೆ.

ಆನ್ಸಾ-ಬೊರೇಗೊ ಮರುಭೂಮಿಯ ಆ ಕಾಲುದಾರಿ ಒಣಗಿದ ಹಳ್ಳದ ಮರಳಿನಲ್ಲಿ ಸಾಗುತ್ತದೆ. ಒಕೊಟಿಯೊ ಎಂಬ ಮುಳ್ಳುಗಿಡದ ಬೆತ್ತದಂಥ ಕೊಂಬೆಗಳ ತುದಿಯಲ್ಲಿ ಕೆಂಪು ಹೂ ಬಿಟ್ಟಿತ್ತು. ಇಲ್ಲಿನ ಮೂಲನಿವಾಸಿಗಳಾದ ಕುಮಿಯೈ ಜನರ ಹೆಂಗಸರು ತಲೆಮಾರುಗಳ ಕಾಲ ಇಲ್ಲಿ ಕಾಳು ಕುಟ್ಟುತ್ತಿದ್ದರೆಂದು ಬಂಡೆಗಳ ಪಕ್ಕದ ಫಲಕದಲ್ಲಿ ಬರೆದಿತ್ತು. ಚಪ್ಪಟೆ ಬಂಡೆಯ ಮೇಲೆ ಮೊಣಕೈ ಆಳದ ಗುಳಿಗಳು, ಒಳಗೆಲ್ಲ ನುಣುಪು. ಅವಳು ಶೂ ಬಿಚ್ಚಿಟ್ಟು ಬಂಡೆ ಹತ್ತಿದಳು. ಒರಳಿನ ಮೇಲೆ ಕೂರಬಾರದು, ಅದನ್ನು ಬರಿದಾಗಿ ಬಿಡಬಾರದು ಎಂದು ಅವಳಜ್ಜಿ ಹೇಳುತ್ತಿದ್ದರಂತೆ. ನಾನು ಏನಾದರೂ ಅನ್ನುವ ಮೊದಲೇ ಚೀಲದಲ್ಲಿದ್ದ ಖಾರದ ಕಡ್ಲೆಪುರಿಯನ್ನು ಒಂದು ಹಿಡಿ ಒಳಗೆ ಹಾಕಿಬಿಟ್ಟಳು.

ಹಿಂದೆ ಬರುತ್ತಿದ್ದ ವಯಸ್ಸಾದ ದಂಪತಿ ನಿಂತು, ಇಲ್ಲಿ ಏನನ್ನೂ ಹಾಕಬಾರದು, ಆ ಜನ ಇಂದಿಗೂ ಗೌರವಿಸುವ ಜಾಗವಿದು ಎಂದು ಮೆಲ್ಲಗೆ ತಿಳಿಸಿ ಮುಂದೆ ಹೋದರು. ಅವಳ ಮುಖ ಸಣ್ಣಗಾಯಿತು. ಮರ್ಯಾದೆ ತೋರಿಸಲು ಹೋಗಿ ಹೀಗಾಯಿತಲ್ಲ ಎಂದು ಪೇಚಾಡಿದಳು. ಇಬ್ಬರೂ ಮಂಡಿಯೂರಿ ಪುರಿ ಹೆಕ್ಕತೊಡಗಿದೆವು. ತಳಕ್ಕಂಟಿದ ಅರಿಶಿನದ ಪುಡಿಯನ್ನು ಅವಳು ಕರ್ಚೀಫಿನಿಂದ ಒರೆಸಿದಳು.

ತಲೆಗೆ ತಲೆ ತಾಗುವಷ್ಟು ಹತ್ತಿರವಿದ್ದೆವು. ಆಗಲೇ ಕೇಳಿದೆ ಎಂದುಕೊಂಡಿದ್ದೇನೆ: ಸ್ಯಾನ್ ಹೊಸೆಯಲ್ಲಿ ಓದಲು ಸೇರಿಕೋ, ವಿದ್ಯಾರ್ಥಿ ವೀಸಾ ಸಿಗಬಹುದು, ಬಾಡಿಗೆಯ ಚಿಂತೆ ನನಗೆ ಬಿಡು.

"ಓದೋ ಆಸೆ ನಂಗಿಲ್ಲ ಕಣೇ," ಎಂದಳು, ಗುಳಿಯಿಂದ ಕಣ್ಣೆತ್ತದೆ. "ನಿನ್ ಜೊತೆ ಇರೋ ಆಸೆ ಇದೆ. ಅದಕ್ಕೆ ಯಾರ್ ಕೊಡ್ತಾರೆ ವೀಸಾ?"

ನಾನು ಕೇಳಿದ್ದೆ ಎಂಬುದಕ್ಕೆ ಈ ಉತ್ತರ ಬಿಟ್ಟರೆ ಬೇರೆ ಆಧಾರವಿಲ್ಲ. ಇಷ್ಟು ವರ್ಷಗಳ ಹಂಬಲ ಉತ್ತರವನ್ನೂ ತಾನೇ ಕಟ್ಟಿಕೊಂಡಿರಬಹುದು. ಆದರೆ ಅವಳು ಅದನ್ನು ತಮಾಷೆಯ ದನಿಯಲ್ಲಿ ಹೇಳಿದ್ದಳು. ನಾನೇ ಕಟ್ಟಿದ್ದರೆ ಅಷ್ಟು ಹಗುರವಾಗಿ ಹೇಳಿಸುತ್ತಿರಲಿಲ್ಲ.

ಮರುದಿನ ವಾಪಸ್ ಬರುವಾಗ ಕಾರು ಓಡಿಸಿದ್ದು ಅವಳು. ಖಾಲಿ ಫ್ರೀವೇಯಲ್ಲೂ ಲಾರಿಗಳು ನಿಧಾನವಾಗಿ ಹೋಗುವ ಬಲಗಡೆಯ ಲೇನನ್ನು ಬಿಡಲೇ ಇಲ್ಲ. ಬೇಗ ಹೋಗು ಎಂದು ನಾನೂ ಹೇಳಲಿಲ್ಲ.