ಏಳು ಜನರ ಟೀಮಿನ ಕಂಡಕ್ಟರ್

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಬಣ್ಣದ ದಪ್ಪ ಚರ್ಮ ಬೆಳೆದಿತ್ತು. ಬರಿಗಾಲಲ್ಲಿ ಚೆಂಡು ಒದ್ದು ಮೂರು ಸಲ ಕಿತ್ತುಹೋದ ಉಗುರು ನಾಲ್ಕನೆಯ ಸಲ ಬೇಸತ್ತು ಬರುವುದನ್ನೇ ಬಿಟ್ಟಿತ್ತು. ಖಾಕಿ ಬಟ್ಟೆ, ಹೆಗಲಿಗೆ ಚರ್ಮದ ಚೀಲ, ಕಿವಿಯ ಮೇಲೆ ಪೆನ್ಸಿಲ್ಲು, ಇವೆಲ್ಲ ಬೇರೆ ಕಂಡಕ್ಟರುಗಳಿಗೂ ಇದ್ದವು. ಚಪ್ಪಲಿಯಿಂದ ಹೊರಗಿಣುಕುವ ಆ ಹೆಬ್ಬೆರಳು ಮಾತ್ರ ಅವರೊಬ್ಬರದು.

ಅವರು ಬೇರೆಯವರನ್ನೂ ಕಾಲು ನೋಡಿಯೇ ಅಳೆಯುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ನಿಂತು ಮೆಟ್ಟಿಲು ಹತ್ತುವ ಗಂಡಸರ ಮೀನಖಂಡ ನೋಡುವುದು ಅವರ ಚಾಳಿ. ನಾನು ಸಿಕ್ಕಿಬಿದ್ದದ್ದೂ ಹಾಗೆಯೇ. ಎಪ್ಪತ್ತರ ದಶಕದ ಕೊನೆಯ ಮಾತು. ಹಾನಗಲ್ಲಿನ ಒಂದು ಕಚೇರಿಗೆ ಗುಮಾಸ್ತನಾಗಿ ಬಂದು ತಿಂಗಳಾಗಿತ್ತು. ಕಚೇರಿಯ ಕೆಲಸಕ್ಕೆ ಪ್ರತಿ ಸೋಮವಾರ ಶಿಗ್ಗಾಂವಿಗೆ ಹೋಗಬೇಕಿತ್ತು. ಧೋತರ ಎತ್ತಿ ಹಿಡಿದು ಶಿಗ್ಗಾಂವಿ ಬಸ್ಸು ಹತ್ತಿದೆ. ಅವರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನ ಕಾಲನ್ನೇ ನೋಡಿದರು.

"ಮೊದಲ ಫುಟ್‌ಬಾಲ್ ಆಡ್ತಿದ್ರಿಲ್ಲರಿ?"

"ಕಾಲೇಜಿನಾಗ ಆಡಿದ್ದೆ. ನಿಮಗ ಹೆಂಗ ಗೊತ್ತಾತ್ರಿ?"

"ಕಾಲು ಸುಳ್ಳ ಹೇಳೂದಿಲ್ಲ. ಮೂವತ್ತು ದಾಟೇತೋ ಇಲ್ಲೋ?"

"ದಾಟೇತ್ರಿ."

"ಹಂಗಾರ ಐತವಾರ ಬರ್ರಿ. ಬರದಿದ್ರ ಸೋಮವಾರ ಟಿಕೆಟ್ ಕೊಡೂದಿಲ್ಲ."

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ಮೂವತ್ತು ದಾಟಿದವರದೇ ಒಂದೊಂದು ಟೀಮಿತ್ತು. ಸುಗ್ಗಿ ಮುಗಿದ ಮೇಲೆ ಭಾನುವಾರ ಸಂಜೆ ಪಂದ್ಯ. ಕಪ್ಪಿಲ್ಲ, ಬಹುಮಾನವಿಲ್ಲ, ಗೆದ್ದವರು ಸೋತವರಿಗೆ ಮಿರ್ಚಿ ಮಂಡಕ್ಕಿ ತಿನ್ನಿಸಬೇಕು, ಅಷ್ಟೇ. ಒಂದು ಕಟ್ಟಳೆ ಮಾತ್ರ ಗಟ್ಟಿಯಾಗಿತ್ತು: ನಾಲ್ಕು ಗಂಟೆಗೆ ಕನಿಷ್ಠ ಏಳು ಜನ ಮೈದಾನದಲ್ಲಿರಬೇಕು. ಇಲ್ಲದಿದ್ದರೆ ಆಡದೆಯೇ ಸೋತಂತೆ. ಒಂದೇ ವರ್ಷ ಹಾಗೆ ಎರಡು ಸಲವಾದರೆ ಆ ಊರಿನ ಟೀಮು ಆಟದಿಂದಲೇ ಹೊರಗೆ.

ನಮ್ಮ ಹಾನಗಲ್ಲಿನ ಟೀಮಿನಲ್ಲಿ ಹನ್ನೊಂದು ಜನ ಒಟ್ಟಿಗೆ ನಿಂತದ್ದನ್ನು ನಾನು ನೋಡಲೇ ಇಲ್ಲ. ಒಬ್ಬನಿಗೆ ಬಸುರಿ ಮಗಳ ಕುಬಸ, ಇನ್ನೊಬ್ಬನಿಗೆ ಸೊಂಟನೋವು, ಮತ್ತೊಬ್ಬನಿಗೆ ಹೆಂಡತಿಯ ಹೆದರಿಕೆ. ಸಂಸಾರಸ್ಥರ ಟೀಮೆಂದರೆ ಕಪ್ಪೆ ತೂಗಿದ ಹಾಗೆ. ಕಂಡಕ್ಟರು ಎರಡು ಬೆರಳು ಚಾಚಿ, ಬಸ್ಸಿನಲ್ಲಿ ಎಣಿಸುವ ಹಾಗೆಯೇ ನಮ್ಮ ತಲೆ ಎಣಿಸುತ್ತಿದ್ದರು. "ಬಸ್ಸಿನಾಗ ಹೆಚ್ಚಾಗ್ತಾವ, ಇಲ್ಲಿ ಕಡಿಮಿ ಬೀಳ್ತಾವ. ನನ್ನ ಹಣೇಬಾರಾನ ಹಿಂಗ" ಎಂದು ತಾವೇ ನಗುತ್ತಿದ್ದರು.

ಅವರಿಗೆ ಸಂಸಾರವಿರಲಿಲ್ಲ. ಮೂವರು ತಂಗಿಯರ ಮದುವೆ ಮಾಡುವುದರೊಳಗೆ ತಮ್ಮ ವಯಸ್ಸು ಮುಗಿದಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ, ಒಂದು ಸ್ಟೋವು. ಭಾನುವಾರದ ರಜೆಗಾಗಿ ಯುಗಾದಿಗೂ ದೀಪಾವಳಿಗೂ ಬೇರೆಯವರ ಡ್ಯೂಟಿ ತಾವು ಮಾಡುತ್ತಿದ್ದರು. ಶನಿವಾರ ಸಂಜೆ ಟೀಮಿನ ಹಸಿರು ಅಂಗಿಗಳನ್ನು ತಾವೇ ಒಗೆದು ಹಗ್ಗಕ್ಕೆ ಹಾಕುವರು, ಹನ್ನೊಂದನ್ನೂ. ಎಂಟು ಜನ ಬಂದರೆ ಹೆಚ್ಚು, ಹನ್ನೊಂದು ಯಾಕೆ ಎಂದು ಕೇಳಿದ್ದೆ. "ಒಗೀದಿದ್ರ, ಅವ್ರು ಬರೂದಿಲ್ಲಂತ ನಾನ ಮೊದಲ ಒಪ್ಪಿಕೊಂಡಂಗಾತಲ್ಲರಿ" ಎಂದರು. ಭಾನುವಾರ ಬೆಳಿಗ್ಗೆ ಅಂಗಿ ಒಯ್ಯಲು ಹೋದವರಿಗೆ ಚಹಾ ಮಾಡಿಕೊಡುತ್ತಿದ್ದರು. ವಾರದಲ್ಲಿ ಆ ಖೋಲಿಗೆ ಜನ ಬರುತ್ತಿದ್ದದ್ದು ಅದೊಂದೇ ಹೊತ್ತು. ಆ ಟೀಮು ಅವರಿಗೆ ಏನಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು, ಏಕೆಂದರೆ ನಾನೂ ಒಂಟಿಯೇ. ಹಿಂದಿನ ವರ್ಷ ಹೆರಿಗೆಯಲ್ಲಿ ಹೆಂಡತಿಯೂ ಕೂಸೂ ಹೋಗಿದ್ದರು. ಊರಲ್ಲಿರಲಾರದೆ ವರ್ಗ ಕೇಳಿ ಹಾನಗಲ್ಲಿಗೆ ಬಂದಿದ್ದೆ.

ಒಮ್ಮೆ ಹಿರೇಕೆರೂರಿನಲ್ಲಿ ಪಂದ್ಯ. ನಾವು ಎಂಟು ಜನ. ಎಡತುದಿಯಲ್ಲಿ ಆಡುತ್ತಿದ್ದ ನಮ್ಮ ಪೋಸ್ಟ್ ಮಾಸ್ತರರಿಗೆ ಆಗಷ್ಟೇ ವರ್ಗವಾಗಿತ್ತು. ಆ ಜಾಗಕ್ಕೆ ಬೇರೆಯವರಿರಲಿಲ್ಲ. ಆದರೂ ಚೆಂಡು ಸಿಕ್ಕ ಕೂಡಲೇ ನಾನು ತಲೆ ಎತ್ತಿ ನೋಡದೆ, ರೂಢಿಯಂತೆ ಎಡಕ್ಕೆ ಒದೆಯುತ್ತಿದ್ದೆ. ಚೆಂಡು ಸೀದಾ ಹೋಗಿ ಪಕ್ಕದ ಜೋಳದ ಕೂಳೆಯಲ್ಲಿ ಬೀಳುತ್ತಿತ್ತು. ಮೂರನೆಯ ಸಲಕ್ಕೆ ಹಿರೇಕೆರೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕ್ಟರು ತಾವೇ ಹೋಗಿ ಚೆಂಡು ತಂದು ನನ್ನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ.

"ಇಲ್ಲದವ್ರಿಗೆ ಎಷ್ಟಂತ ಕೊಡ್ತೀರಿ ಸಾಹೇಬ್ರ? ಇದ್ದವ್ರು ನಿಂತೇವಲ್ಲರಿ ಇಲ್ಲಿ. ನಮಗೊಂದೀಟ ಕೊಡ್ರಿ" ಎಂದರು.

ಅವರು ಹೇಳಿದ್ದು ಚೆಂಡಿನ ಮಾತು. ನನಗೆ ಮಾತ್ರ ಅಲ್ಲೇ, ಮೈದಾನದ ನಡುವೆ, ಕಣ್ಣಲ್ಲಿ ನೀರು ಬಂತು. ಬೆವರು ಒರೆಸಿಕೊಳ್ಳುವವನ ಹಾಗೆ ಮುಖ ಒರೆಸಿಕೊಂಡೆ. ಆ ವಾರವೇ ಅಣ್ಣನಿಗೆ ಕಾಗದ ಬರೆದೆ, ಎಲ್ಲಾದರೂ ಹೆಣ್ಣಿದ್ದರೆ ನೋಡು ಎಂದು.

ಎರಡು ವರ್ಷ ಯಾವುದೂ ಕೂಡಿಬರಲಿಲ್ಲ. ಅಷ್ಟರಲ್ಲಿ ಟೀಮು ಇನ್ನೂ ಸೊರಗಿತು. ಆ ವರ್ಷ ಶಿಗ್ಗಾಂವಿಯಲ್ಲಿ ಐದೇ ಜನ ಸೇರಿ, ಆಡದೆ ಸೋತಿದ್ದೆವು. ಇನ್ನೊಮ್ಮೆ ಹಾಗಾದರೆ ಮುಗಿಯಿತು. ಮುಂದಿನ ಪಂದ್ಯ ಸವಣೂರಿನಲ್ಲಿ. ಕಂಡಕ್ಟರು ವಾರವಿಡೀ ಮನೆ ಮನೆ ಅಲೆದು ತಮ್ಮನ್ನೂ ಸೇರಿಸಿ ಹೇಗೋ ಏಳು ಜನರನ್ನು ಹೊಂದಿಸಿದರು. ಏಳನೆಯವನು ನಾನು. ಶನಿವಾರ ಕಚೇರಿಗೇ ಬಂದು ಕೇಳಿದರು. "ಬಂದ ಬರ್ತೇನ್ರಿ" ಎಂದೆ.

ಅಂದೇ ಸಂಜೆ ಅಣ್ಣ ಬಂದ. ರಟ್ಟೀಹಳ್ಳಿಯಲ್ಲೊಂದು ಹೆಣ್ಣು, ನಾಳೆಯೇ ಬರಹೇಳಿದ್ದಾರೆ, ಎರಡನೆಯ ಸಂಬಂಧಕ್ಕೆ ಒಪ್ಪುವವರು ಸಿಗುವುದೇ ಕಷ್ಟ, ತಪ್ಪಿಸಬೇಡ ಎಂದ. ಕಂಡಕ್ಟರ ಖೋಲಿ ಐದು ನಿಮಿಷದ ದಾರಿ. ಹೋಗಿ ಹೇಳಿದ್ದರೆ ಇನ್ನೊಬ್ಬನನ್ನು ಹುಡುಕಲು ಅವರಿಗೆ ಹೊತ್ತಿತ್ತು. ನಾನು ಹೋಗಲಿಲ್ಲ. ಹೆಂಡತಿ ಸತ್ತವನು ಇನ್ನೊಂದು ಹೆಣ್ಣು ನೋಡಹೊರಟಿದ್ದಾನೆ ಎಂದು ನಾಲ್ಕು ಜನ ಆಡಿಕೊಳ್ಳುವುದು ಬೇಡವಾಗಿತ್ತು. ಭಾನುವಾರ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅವರ ಕಣ್ಣಿಗೆ ಬೀಳುವೆನೆಂದು ಊರ ಹೊರಗಿನ ನಾಕಾದವರೆಗೆ ನಡೆದು ಅಲ್ಲಿಂದ ಬಸ್ಸು ಹತ್ತಿದೆ. ನಾಚಿಕೆಗೇಡಿನ ಕೆಲಸ, ಬೇರೆ ಹೆಸರಿಲ್ಲ.

ಸವಣೂರಿನಲ್ಲಿ ನಾಲ್ಕಕ್ಕೆ ಆರೇ ಜನ. ನಮ್ಮ ಟೀಮು ಅಂದಿಗೆ ಮುಗಿಯಿತು.

ಸೋಮವಾರ ಅವರ ಬಸ್ಸು ಹತ್ತಿ ಹಿಂದಿನ ಸೀಟಿನ ಮೂಲೆ ಹಿಡಿದು ಕುಳಿತೆ. ಅವರು ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, "ಜ್ವರಾ ಇಳೀತೇನ್ರಿ ಸಾಹೇಬ್ರ?" ಎಂದರು. ನಾನು ತಡಬಡಿಸಿ "ಹ್ಞೂಂನ್ರಿ, ಇಳೀತು" ಎಂದೆ. ಪಾಪ, ಸಾದಾ ಮನುಷ್ಯ, ಜ್ವರ ಬಂದಿರಬೇಕೆಂದು ತಾವೇ ತಿಳಿದುಕೊಂಡಿದ್ದಾರೆ ಎಂದು ಸಮಾಧಾನವಾಯಿತು. ಟೀಮಿನ ಉಳಿದವರೂ ನನ್ನನ್ನು ಬೈಯಲಿಲ್ಲ. "ಈಗ ಆರಾಮರಿ?" ಎಂದು ಕೇಳಿ ಸುಮ್ಮನಾದರು. ಆದರೆ ಆಮೇಲೆ ಯಾರೂ ಕಂಡಕ್ಟರ ಖೋಲಿಯ ಕಡೆ ಹಾಯಲಿಲ್ಲ, ದಾರಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದರು. ಟೀಮಿಲ್ಲವಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ನಾನಾದರೂ ಹೋಗಬೇಕಿತ್ತು. ಅವರ ಎದುರು ಕೂರುವ ಧೈರ್ಯವಾಗಲಿಲ್ಲ.

ರಟ್ಟೀಹಳ್ಳಿಯ ಹೆಣ್ಣೇ ನನ್ನ ಮನೆ ತುಂಬಿದಳು. ಮುಂದೆ ನಾಲ್ಕು ವರ್ಷ ಅವರ ಬಸ್ಸಿನಲ್ಲಿ ಓಡಾಡಿದೆ. ಒಮ್ಮೆ ಧೈರ್ಯ ಮಾಡಿ, "ಕಂಡಕ್ಟರ್ ಸಾಹೇಬ್ರ, ಅವತ್ತ ಐತವಾರ ನಾನು..." ಎಂದು ಶುರು ಮಾಡಿದೆ. ಅವರು "ಕೂಸು ಆರಾಮೈತಿಲ್ಲರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ "ಟಿಕೆಟ್, ಟಿಕೆಟ್" ಎಂದು ಮುಂದೆ ಹೋದರು. ಆಮೇಲೆ ನಿವೃತ್ತರಾಗಿ ಆಡೂರಿನ ತಂಗಿಯ ಮನೆ ಸೇರಿದರೆಂದು ಕೇಳಿದೆ.

ಮೂರೋ ನಾಲ್ಕೋ ವರ್ಷದ ಮೇಲೆ, ಎರಡನೆಯ ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ವೀಳ್ಯದೆಲೆ ತರಲು ಸವಣೂರಿಗೆ ಹೋಗಿದ್ದೆ. ಅಲ್ಲಿನ ಟೀಮಿನ ಕ್ಯಾಪ್ಟನ್ ಆಗಿದ್ದ ಎಲೆ ವ್ಯಾಪಾರಿ ಗುರುತು ಹಿಡಿದು ಕೂರಿಸಿದ. ಕಂಡಕ್ಟರು ತೀರಿಹೋಗಿ ಎರಡು ತಿಂಗಳಾಯಿತೆಂದು ಅವನೇ ಹೇಳಿದ್ದು.

"ಅವತ್ತ ನಮ್ಮೂರಿನ ಮ್ಯಾಚಿಗೆ ಜ್ವರಾ ಬಂದಿತ್ತಲ್ಲರಿ ನನಗ..." ಎಂದು ನಾನು ಏನೋ ಹೇಳಹೋದೆ.

ಅವನು ಎಲೆ ಜೋಡಿಸುತ್ತಲೇ ಹೇಳಿದ. "ನನ್ನ ಮುಂದ ಯಾಕ ಬಿಡ್ರಿ ಸಾಹೇಬ್ರ. ರಟ್ಟೀಹಳ್ಳಿ ಬಸ್ಸಿನ ಕಂಡಕ್ಟರ್ ಮೂರುವರಿಗೆ ನಮ್ಮ ಸ್ಟ್ಯಾಂಡಿನಾಗ ಸಿಕ್ಕು ಅವ್ರಿಗೆ ಎಲ್ಲಾ ಹೇಳಿದ್ದ, ನೀವು ಹಣ್ಣು ಹೂವು ತಗೊಂಡು ಇಳದದ್ದು. ನಾನು ಬಾಜೂಕ ನಿಂತಿದ್ದೆ. 'ಭಾಯ್, ಇದು ನಿನ್ನ ಹೊಟ್ಟ್ಯಾಗ ಇರ್ಲಿ. ಸಂಬಂಧ ಇನ್ನೂ ಕುದುರಿಲ್ಲ, ಊರ ಬಾಯಿಗೆ ಬೀಳಬಾರದು' ಅಂತ ನನಗ ಅಂದ್ರು. ಆಮ್ಯಾಲೆ ಗ್ರೌಂಡಿಗೆ ಬಂದು, ಅವ್ರಿಗೆ ಜ್ವರಾ, ಬರಬ್ಯಾಡ್ರಿ ಅಂತ ನಾನ ಹೇಳೇನಿ ಅಂದ್ಬಿಟ್ರು. ನಿಮ್ಮ ಮಂದಿ ಬಿಡ್ತಾರೇನ್ರಿ? ಮೊದಲ ಹೇಳಿದ್ರ ಇನ್ನೊಬ್ಬನ್ನ ತರ್ತಿದ್ವಿ, ಟೀಮ್ ಮುಳಗಿಸಿದಿ ಅಂತ ಹಿಗ್ಗಾಮುಗ್ಗಾ ಬೈದು, ಅವ್ರನ್ನ ಬಿಟ್ಟು ಬಸ್ ಹತ್ತಿ ಹೋದ್ರು. ಅವ್ರೊಬ್ಬರ ಗೋಲ್ ಕಂಬದ ಬುಡಕ ಕುಂತಿದ್ರು. ನಾನು ಚಹಾ ಕುಡಿಯೂಣು ಬಾ ಅಂದ್ರೂ ಏಳಲಿಲ್ಲ."

ಎಲೆಯ ಕಟ್ಟು ಹಿಡಿದು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ತೊಟ್ಟಿಲ ಸಡಗರದಲ್ಲಿದ್ದವಳು ಅಲ್ಲೇ ಕುಳಿತಳು. "ಆಡೂರು ಏನ ದೂರಿತ್ತರಿ? ಒಂದ ಸಲಾನರ ನನ್ನ ಕರ್ಕೊಂಡು ಹೋಗಿದ್ರ, ಅವ್ರ ಕಾಲು ಮುಟ್ಟಿ ಬರ್ತಿದ್ದೆ" ಎಂದಳು.