ಒಗೆಯುತ್ತಿದ್ದ ಕೈಗೆ ಬಂದ ಸ್ಕ್ರೂಡ್ರೈವರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಒಬ್ಬ ಹೆಂಗಸು ಒದ್ದೆ ನೆಲಕ್ಕೆ ಕೆನ್ನೆ ಊರಿ ಮಲಗಿ, ವಾಷಿಂಗ್ ಮಷಿನ್ನಿನ ಅಡಿಗೆ ಟಾರ್ಚ್ ಹಿಡಿದಿದ್ದಾರೆ. ಗಾಜಿನ ಬಾಗಿಲೊಳಗೆ ಹಸುಗೂಸುಗಳ ಬಟ್ಟೆ ನೊರೆನೀರಲ್ಲಿ ಮುಳುಗಿ ಸುಮ್ಮನೆ ನಿಂತಿದೆ. ಯಂತ್ರ ಅರ್ಧ ಒಗೆದು ಮುಷ್ಕರ ಹೂಡಿದೆ. ಮೇಲಿನ ವಾರ್ಡಿನಲ್ಲಿ ಒಣಬಟ್ಟೆ ಮುಗಿಯುತ್ತಾ ಬಂದಿದೆ.

ಪಕ್ಕದಲ್ಲಿ ನಿಂತ ಆಯಾ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಾಳೆ. “ಬಟ್ಟೆ ಜಾಸ್ತಿ ತುರುಕಿದ್ದಾಳೆ ಅಂತ ನನ್ನ ತಲೆಗೇ ಕಟ್ತಾರೆ.”

“ಇನ್ನೂ ಯಾರೂ ಏನೂ ಅಂದಿಲ್ವಲ್ಲಮ್ಮ. ಆ ಬಕೆಟ್ ಸ್ವಲ್ಪ ಈ ಕಡೆ ತಳ್ಳಿ.”

ನೆಲದಲ್ಲಿ ಮಲಗಿಯೇ ಹೀಗೆ ಹೇಳಿದ ಈ ಹೆಂಗಸನ್ನು ಸುತ್ತಮುತ್ತಲಿನವರೆಲ್ಲ ಕರೆಯುವುದು ‘ಮಷಿನ್ ಅಕ್ಕ’ ಎಂದೇ. ಪ್ಲಗ್ ಕಿತ್ತದ್ದಾಗಿದೆ, ನಲ್ಲಿ ನೋಡಿದ್ದಾಗಿದೆ, ನೀರು ಹೋಗುವ ಪೈಪ್ ಎಲ್ಲೂ ಮಡಚಿಕೊಂಡಿಲ್ಲ. ಕೆಳಗಿನ ಮುಚ್ಚಳ ತಿರುಗಿಸುತ್ತಿದ್ದಂತೆ ನೀರು ಬುಳುಬುಳು ಬಕೆಟ್ಟಿಗೆ ಸುರಿಯುತ್ತದೆ. ಜಾಲರಿಯಿಂದ ದಾರದ ಉಂಡೆಯೊಂದು ಹೊರಬರುತ್ತದೆ. ತೊಳೆದು ಮತ್ತೆ ಕೂರಿಸಿ, ಸ್ವಿಚ್ ಹಾಕುತ್ತಾರೆ. ಯಂತ್ರ ತಿರುಗುತ್ತದೆ. ಆಯಾ ಉಸಿರು ಬಿಡುವಷ್ಟರಲ್ಲಿ, ಬಟ್ಟೆ ಹಿಂಡಲು ವೇಗ ಹಿಡಿದ ಯಂತ್ರ ಮತ್ತೆ ತಟಕ್ಕನೆ ನಿಲ್ಲುತ್ತದೆ.

“ಹೊಟ್ಟೆ ಹಗುರಾಯ್ತು, ಮುನಿಸು ಮಾತ್ರ ಇಳಿದಿಲ್ಲ ನೋಡಿ,” ಎನ್ನುತ್ತಾ ಅಕ್ಕ ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚುತ್ತಾರೆ. ಡ್ರಮ್ಮನ್ನು ಕೈಯಿಂದ ತೂಗಾಡಿಸುತ್ತಾ ಒಂದೊಂದೇ ವೈರನ್ನು ಬೆರಳಲ್ಲಿ ಸವರಿಕೊಂಡು ಹೋಗುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರು ಸವೆದಿದೆ. “ನಿಧಾನ ತಿರುಗುವಾಗ ಹೇಗೋ ತಾಕಿಕೊಂಡಿರುತ್ತೆ. ಜೋರಾಗಿ ಅದುರಿದ್ರೆ ಬಿಟ್ಟುಹೋಗುತ್ತೆ. ಅದಕ್ಕೇ ನಡುವೆ ನಿಂತುಬಿಡ್ತಿತ್ತು.”

ಅಷ್ಟರಲ್ಲಿ ಹಿರಿಯ ನರ್ಸ್ ಬರುತ್ತಾರೆ. “ಜಾಸ್ತಿ ತುಂಬಿಬಿಟ್ರಾ?” ಎಂದು ಆಯಾಳನ್ನು ಕೇಳುತ್ತಾರೆ. ಆಯಾ ತಲೆ ತಗ್ಗಿಸುತ್ತಾಳೆ. ಅಕ್ಕ ಎದ್ದು ನಿಲ್ಲುತ್ತಾರೆ.

“ಇವರದೇನೂ ತಪ್ಪಿಲ್ಲ ಸಿಸ್ಟರ್. ವೈರು ಸವೆದಿದೆ. ಬನ್ನಿ, ನೀವೇ ನೋಡಿ.”

ನರ್ಸ್ ಬಗ್ಗಿ ನೋಡುತ್ತಾರೆ. ಆಮೇಲೆ ಆಯಾಳ ಕಡೆ ತಿರುಗಿ, “ಬೆಳಿಗ್ಗೆಯಿಂದ ಟೀ ಆದ್ರೂ ಕುಡಿದ್ರಾ?” ಎನ್ನುತ್ತಾರೆ.

ಕೆಟ್ಟುಹೋದದ್ದನ್ನು ತೋರಿಸದೆ ಮುಚ್ಚಳ ಹಾಕುವುದಿಲ್ಲ ಎಂಬ ಅಕ್ಕನ ಹಟಕ್ಕೆ ಕಾರಣವಿದೆ. ಮದುವೆಯಾದ ಹೊಸತರಲ್ಲಿ ಅವರು ಮನೆಮನೆಗೆ ಹೋಗಿ ಬಟ್ಟೆ ಒಗೆಯುತ್ತಿದ್ದರು. ಒಂದೊಂದೇ ಮನೆಗೆ ಮಷಿನ್ ಬಂತು, ಒಂದೊಂದೇ ಮನೆ ಕೈಬಿಟ್ಟಿತು. ಕೊನೆಗೆ ಉಳಿದ ಮನೆಯಲ್ಲಿ ಮಷಿನ್ನಿಗೆ ಬಟ್ಟೆ ಹಾಕಿ, ತೆಗೆದು, ಹರವುವ ಕೆಲಸ. ಒಂದು ದಿನ ಅದು ನಡುವೆ ನಿಂತಿತು. “ನೀನೇ ಏನೋ ಒತ್ತಿದ್ದೀಯ, ನಾಳೆಯಿಂದ ಬರಬೇಡ,” ಎಂದರು ಮನೆಯೊಡತಿ. ಅದೇ ಹೊತ್ತಿಗೆ ಬಂದ ಮೆಕ್ಯಾನಿಕ್ ಮಷಿನ್ನಿನ ಪಂಪ್ ಬಿಚ್ಚಿ, ಆಟದ ಕಾರಿನ ಪುಟ್ಟ ಚಕ್ರವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಆ ಮನೆಯ ಮಗನ ಜೇಬಿನಲ್ಲಿದ್ದದ್ದು. ಮನೆಯೊಡತಿ ಅದನ್ನು ನೋಡಿದರು. ಆದರೂ ಆಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

“ಬೀದಿಯುದ್ದಕ್ಕೂ ಆ ಅಣ್ಣನ ಹಿಂದೇನೇ ಹೋದೆ,” ಎಂದು ನೆನೆಯುತ್ತಾರೆ ಅಕ್ಕ. “ಅಣ್ಣ, ಅದನ್ನ ಬಿಚ್ಚೋದು ನನಗೂ ಹೇಳಿಕೊಡ್ತೀರಾ ಅಂದೆ. ತಮಾಷೆ ಅಂದುಕೊಂಡ್ರು. ಮಾರನೇ ದಿನ ಅವರ ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಅದರ ಮಾರನೇ ದಿನಾನೂ.” ಕೊನೆಗೆ ಮೆಕ್ಯಾನಿಕ್ ಒಪ್ಪಿದರು. ಅಂಗಡಿಯ ಮೂಲೆಯಲ್ಲಿದ್ದ ಹಾಳುಮೂಳು ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ಪಾಠವಾಯಿತು. ಮೊದಲ ಬಾರಿ ಜೋಡಿಸಿದಾಗ ಒಂದು ಹಿಡಿ ಸ್ಕ್ರೂ ಮಿಕ್ಕಿದ್ದವಂತೆ. “ಅವನ್ನ ಸೆರಗಿಗೆ ಕಟ್ಟಿಕೊಂಡು ಮನೆಗೆ ಓಡಿಬಂದಿದ್ದೆ,” ಎಂದು ನಗುತ್ತಾರೆ.

ಈಗ ದಿನಕ್ಕೆ ನಾಲ್ಕೈದು ಕಡೆಯಿಂದ ಕರೆ. ಮೊಣಕಾಲು ನೋವು ಬಿಟ್ಟೂ ಬಿಡದೆ ಕಾಡುತ್ತದೆ. ಬಸ್ ಓಡಿಸುವ ಗಂಡನದು ಒಂದೇ ದೂರು: “ಊರಿಗೆಲ್ಲ ಡಾಕ್ಟರು, ನಮ್ಮನೆ ಫ್ಯಾನು ಮಾತ್ರ ತಿಂಗಳಿಂದ ಕಿರುಗುಡ್ತಿದೆ.”

ಸವೆದ ವೈರನ್ನು ಕತ್ತರಿಸಿ ಹೊಸದನ್ನು ಜೋಡಿಸಿದ ಮೇಲೆ ಆಸ್ಪತ್ರೆಯ ಯಂತ್ರ ಈಗ ವೇಗ ಹಿಡಿದು ತಿರುಗುತ್ತಿದೆ. ಬಟ್ಟೆ ಹಿಂಡಿ ಮುಗಿಯುವವರೆಗೂ ಅಕ್ಕ ಜಾಗ ಬಿಟ್ಟು ಕದಲುವುದಿಲ್ಲ. ಬಾಗಿಲು ತೆರೆದಾಗ ಆಯಾ ಮೊದಲ ಬಟ್ಟೆಯನ್ನು ಎಳೆದು, ಒಮ್ಮೆ ಕೊಡವಿ, ಅಕ್ಕನ ಕೈ ಹಿಡಿದುಕೊಳ್ಳುತ್ತಾಳೆ.

ಹೆಂಗಸರು ಈ ಕೆಲಸಕ್ಕೆ ಬಂದರೆ ಜನ ನಂಬುತ್ತಾರೆಯೇ ಎಂದು ಕೇಳಿದರೆ, ಚೀಲ ಹೆಗಲಿಗೇರಿಸುತ್ತಾ ಅಕ್ಕ ಹೇಳುತ್ತಾರೆ: “ಬಾಗಿಲು ತೆಗೆದವರು ನನ್ನ ಮುಖ ನೋಡಿ, ಆಮೇಲೆ ನನ್ನ ಹಿಂದೆ ಇಣುಕ್ತಾರೆ, ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಬರ್ತಿದ್ದಾನೇನೋ ಅಂತ. ಮೊದಮೊದಲು ಬೇಜಾರಾಗ್ತಿತ್ತು. ಈಗ ನಾನೂ ಅವರ ಜೊತೆ ತಿರುಗಿ ನೋಡ್ತೀನಿ. ಯಾರೂ ಕಾಣದಿದ್ರೆ, ಹಾಗಾದ್ರೆ ನಾನೇ ಇರಬೇಕು ಅಂತ ಹೇಳಿ ಒಳಗೆ ಹೋಗ್ತೀನಿ.”